ಅಜ್ಜನ ಕೋವಿ ಇನ್ನೆಷ್ಟು ವರ್ಷ?

ನಮ್ಮ ಮನೆಯ ಜೋಡು ನಳಿಗೆ ಕೋವಿ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲದ ಅಳತೆ). ಅಜ್ಜ ಕೊಂಡಾಗಲೇ ಅದು ಸೆಕೆಂಡ್ ಹ್ಯಾಂಡ್ ಆಗಿತ್ತಂತೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸ ನನಗೆ ಬಂತು. ಇಷ್ಟು ಹಳೆಯ ಕೋವಿಗೆ ತೋಟೆ ತುಂಬಿ ಹೆಗಲಿಗೆ ಇಡಬಹುದಾ ಅನ್ನುವ ಭಯವೂ ಜೊತೆಗೇ ಬಂತು.

ವರ್ಷಕ್ಕೆ ಎಷ್ಟು ಗುಂಡು ಹಾರುತ್ತದೆ ಅಂತ ಮೊದಲು ಕೂತು ಲೆಕ್ಕ ಹಾಕಿದೆ. ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಹೊಡೆಯಲು ಹತ್ತು ಹದಿನೈದು. ಕುಟುಂಬದಲ್ಲಿ ಸಾವಾದರೆ ಎರಡು, ಮಗು ಹುಟ್ಟಿದರೆ ಒಂದು. ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಹೆದರಿಸಲು ಗಾಳಿಗೆ ಒಂದೆರಡು. ಎಲ್ಲ ಸೇರಿ ವರ್ಷಕ್ಕೆ 40 ಅಂತಿಟ್ಟುಕೊಂಡರೂ 60 ವರ್ಷಕ್ಕೆ 2,400 ಆಯಿತು. ಕ್ಲೇ ಶೂಟಿಂಗ್ (ಹಾರಿಸಿದ ಮಣ್ಣಿನ ಬಿಲ್ಲೆಗೆ ಹೊಡೆಯುವ ಆಟ) ಅಭ್ಯಾಸ ಮಾಡುವವರು ಕೆಲವೇ ತಿಂಗಳಲ್ಲಿ ಇಷ್ಟು ಹೊಡೆದು ಮುಗಿಸುತ್ತಾರೆ. ಚೆನ್ನಾಗಿ ನೋಡಿಕೊಂಡ 12 ಬೋರ್ ಕೋವಿಗಳು ಲಕ್ಷ ಗುಂಡು ದಾಟಿರುವುದೂ ಉಂಟು.

ರೈಫಲ್ ಹಾಗಲ್ಲ. ಅದರ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಗೆರೆಗಳಿರುತ್ತವೆ. ಬಿಸಿ ಅನಿಲ ಮೊದಲು ತಿನ್ನುವುದೇ ಆ ಗೆರೆಗಳು ಶುರುವಾಗುವ ಜಾಗವನ್ನು. ಜೋರಾಗಿ ಓಡುವ ಗುಂಡಿನ ರೈಫಲ್‌ನಲ್ಲಿ ಕೆಲವು ಸಾವಿರ ಗುಂಡಿಗೇ ಗುರಿ ಹದ ತಪ್ಪಬಹುದು. ನಮ್ಮ ಕೋವಿಯ ನಳಿಗೆ ಒಳಗೆ ನುಣುಪು. ಒಳಗಿನ ಒತ್ತಡವೂ ದೊಡ್ಡ ರೈಫಲ್‌ನ ಐದನೇ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಹೊಡೆದು ಹೊಡೆದು ನಳಿಗೆ ಸವೆಯುವುದು ನಮ್ಮಂಥ ಮನೆಗಳಲ್ಲಿ ಆಗದ ಮಾತು.

ಹಾಗಾದರೆ ಎಡ ನಳಿಗೆಯೊಳಗೆ ಆ ಚುಕ್ಕೆಗಳು ಎಲ್ಲಿಂದ ಬಂದವು?

ನಳಿಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡವು. ತುದಿಯಿಂದ ಒಂದು ಗೇಣು ಒಳಗೆ, ಸಾಸಿವೆ ಚೆಲ್ಲಿದ ಹಾಗೆ ತುಕ್ಕು ತಿಂದ ಗುಳಿಗಳು. ನಾಟಿ ಶುರುವಾದರೆ ನಮ್ಮಲ್ಲಿ ಕೋವಿಯನ್ನು ಕನ್ನಿ ಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇಟ್ಟುಬಿಡುತ್ತೇವೆ. ಮತ್ತೆ ತೆಗೆಯುವುದು ಸೆಪ್ಟೆಂಬರ್ ಮೊದಲ ವಾರ, ಕೈಲ್‌ಪೊಳ್ದ್‌ಗೆ. ನಡುವೆ ಜೋರು ಮಳೆಯ ಕಕ್ಕಡ ತಿಂಗಳು. ಒಗೆದ ಬಟ್ಟೆ ವಾರವಾದರೂ ಒಣಗದ, ಚಪ್ಪಲಿಗೂ ಬೂಸ್ಟು ಹಿಡಿಯುವ ದಿನಗಳು. ಅಪ್ಪ ಪ್ರೀತಿಯಿಂದ ಕೋವಿಯನ್ನು ಚರ್ಮದ ಚೀಲದೊಳಗೆ ಹಾಕಿ ಇಡುತ್ತಿದ್ದರು. ಚರ್ಮ ತೇವ ಹೀರಿಕೊಂಡು ಮೂರು ತಿಂಗಳೂ ಅದನ್ನು ನಳಿಗೆಯ ಒಳಗೂ ಹೊರಗೂ ಹಿಡಿದಿಟ್ಟಿತು. ಆ ಗುಳಿಗಳು ಗುಂಡಿನಿಂದ ಆದದ್ದಲ್ಲ ಅಂತ ಆಗ ಅರ್ಥವಾಯಿತು. ಸುಮ್ನೆ ಇಟ್ಟದ್ದರಿಂದಲೇ ಆದವು.

ಅಪ್ಪನದು ಇನ್ನೊಂದು ಅಭ್ಯಾಸ, ತೆಂಗಿನೆಣ್ಣೆ. ಮನೆಯಲ್ಲಿ ಯಾವಾಗಲೂ ಇರುವ ಎಣ್ಣೆ ಅದೇ ಅಲ್ವಾ. ಆದರೆ 24 ಡಿಗ್ರಿ ಹತ್ತಿರ ಬಂದರೆ ಅದು ಗಟ್ಟಿಯಾಗುತ್ತದೆ, ವರ್ಷಗಳಾದರೆ ಅಂಟಾಗುತ್ತದೆ. ಒಂದು ಡಿಸೆಂಬರ್ ರಾತ್ರಿ ಹಂದಿ ಬಂತೆಂದು ಕೋವಿಯ ಕುದುರೆ (ಟ್ರಿಗರ್) ಎಳೆದೆ. ಟಿಕ್ ಅಂತ ಸದ್ದಾಯಿತು, ತೋಟೆ ಹೊಡೆಯಲಿಲ್ಲ. ನಳಿಗೆಯನ್ನು ಖಾಲಿ ಗದ್ದೆಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದೆ. ಇಂಥ ಹೊತ್ತಿನಲ್ಲಿ ತಡವಾಗಿ ಹೊಡೆಯುವ ತೋಟೆಯೂ ಇರುತ್ತದೆ, ತಕ್ಷಣ ಕೋವಿ ಮುರಿದು (ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು) ನೋಡಬಾರದು. ಆಮೇಲೆ ತೆಗೆದು ನೋಡಿದರೆ ತೋಟೆಯ ಬುಡದ ಕೇಪಿನ ಮೇಲೆ ಉಗುರು ತಾಗಿದಷ್ಟು ಗುರುತು. ರಿಪೇರಿಯವರು ಒಳಭಾಗ ಬಿಚ್ಚಿದಾಗ ಸ್ಪ್ರಿಂಗ್ ಸುತ್ತ ಕಂದು ಮೇಣದ ಹಾಗೆ ಎಣ್ಣೆ ಕೂತಿತ್ತು. ಸ್ಪ್ರಿಂಗ್‌ಗೆ ಏನೂ ಆಗಿರಲಿಲ್ಲ, ತೊಳೆದರು ಅಷ್ಟೇ. ಅಲ್ಲಿಂದ ಈಚೆಗೆ ಕೋವಿಗೆಂದೇ ಬರುವ ತೆಳು ಎಣ್ಣೆ, ಅದೂ ಬಟ್ಟೆಗೆ ಎರಡು ಹನಿ.

ಅವರ ಹತ್ತಿರ ಕಲಿತ ಮೂರು ಪರೀಕ್ಷೆಗಳನ್ನು ಈಗ ನಾನೇ ಮಾಡುತ್ತೇನೆ. ಖಾಲಿ ಕೋವಿಯ ಮುಂದಿನ ಮರ ಬಿಚ್ಚಿ, ಹಿಡಿ ಹಿಡಿದು ಮೆಲ್ಲಗೆ ಅಲ್ಲಾಡಿಸುವುದು. ಗಡಗಡ ಅಂದರೆ ಕೋವಿ ಮುರಿಯುವ ಕೀಲು ಸವೆದಿದೆ ಅಂತ. ಜಾಸ್ತಿ ಹೊಡೆದ ಕೋವಿಯಲ್ಲಿ ನಿಜವಾಗಿ ಸವೆಯುವುದು ಇದೇ ಜಾಗ. ಎರಡನೆಯದು, ಕೋವಿ ಮುಚ್ಚಿ ನಳಿಗೆಯ ಬುಡವನ್ನು ದೀಪಕ್ಕೆ ಹಿಡಿಯುವುದು. ಸಂದಿಯಲ್ಲಿ ಬೆಳಕು ಕಂಡರೆ ಕೀಲಿನ ಕೆಲಸ ಆಗುವವರೆಗೆ ಗುಂಡು ಹಾರಿಸುವಂತಿಲ್ಲ. ಮೂರನೆಯದು ನನಗೆ ಬಲು ಇಷ್ಟ. ಬಿಚ್ಚಿದ ಜೋಡು ನಳಿಗೆಯನ್ನು ಬುಡದ ಕೊಕ್ಕೆಯಿಂದ ತೂಗು ಹಾಕಿ ಮರದ ತುಂಡಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಒಡಕು ಸದ್ದು ಬಂದರೆ ನಳಿಗೆಗಳನ್ನು ಕೂಡಿಸಿದ ಬೆಸುಗೆ ಎಲ್ಲೋ ಬಿಟ್ಟಿದೆ.

ನಮ್ಮದು ಮೂರರಲ್ಲೂ ಪಾಸಾಯಿತು. ಗುಳಿಗಳಿದ್ದ ಜಾಗದ ದಪ್ಪ ಮಾತ್ರ ಅಳತೆ ಹಾಕಿಸಬೇಕಾಯಿತು. ಅರ್ಧ ಮಿಲಿಮೀಟರ್‌ಗಿಂತ ತೆಳುವಾದರೆ ಗೋಡೆಗೆ ತೂಗು ಹಾಕುವುದೇ ಸರಿ ಅನ್ನುತ್ತಾರೆ. ನಮ್ಮದಕ್ಕೆ ಇನ್ನೂ ದಪ್ಪ ಉಳಿದಿತ್ತು.

ಹಳೆಯ ಇಂಗ್ಲಿಷ್ ಕೋವಿ ಇರುವವರು ಒಂದು ವಿಷಯ ದಯವಿಟ್ಟು ನೋಡಿಕೊಳ್ಳಿ. ನಳಿಗೆಯ ಅಡಿಯಲ್ಲಿ 2½ ಇಂಚು ಅಂತ ಮುದ್ರೆ ಇದ್ದರೆ ಅದು 65 ಮಿಲಿಮೀಟರ್ ತೋಟೆಯ ಕೋವಿ. ಈಗ ಸಿಗುವುದು ಹೆಚ್ಚಾಗಿ 70 ಮಿಲಿಮೀಟರ್‌ನದು. ಅದು ಒಳಗೆ ಸಲೀಸಾಗಿ ಕೂರುತ್ತದೆ. ಯಾಕೆಂದರೆ ಈ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯದು. ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತಲ್ಲ, ಹಾಗಾದರೆ ಸರಿ ಅಂತ ನಾನೂ ಎಷ್ಟೋ ವರ್ಷ ಅಂದುಕೊಂಡಿದ್ದೆ.

ಈಗ ಜೂನ್ ಮೊದಲ ವಾರವೇ ಕೋವಿ ಬಿಚ್ಚುತ್ತೇನೆ. ನಳಿಗೆಯೊಳಗೆ ಬ್ರಷ್, ಒಣ ಬಟ್ಟೆ, ಆಮೇಲೆ ಎಣ್ಣೆ ಬಟ್ಟೆ. ಚರ್ಮದ ಚೀಲ ಇಲ್ಲವೇ ಇಲ್ಲ. ಬಾಯಿ ಕೆಳಗೆ ಮಾಡಿ, ಬುಡ ಮೇಲೆ ಮಾಡಿ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಎಣ್ಣೆ ಇಳಿದು ಇಳಿದು ಮರ ಮೆತ್ತಗಾಗುತ್ತದೆ. ಮಳೆಯ ನಡುವೆಯೂ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸಿಡುತ್ತೇನೆ. ಮುಟ್ಟಿದವರ ಬೆರಳಿನ ಬೆವರೂ ತುಕ್ಕು ತರುತ್ತದೆ, ಹಾಗಾಗಿ ಕೊನೆಗೆ ಬಟ್ಟೆಯಲ್ಲೇ ಹಿಡಿದು ಇಡುವುದು. ಹಾಗೆ ಒರೆಸಲು ತೆಗೆದ ಒಂದು ದಿನ ಬಲ ನಳಿಗೆಯೊಳಗೆ ಬೆಳಕೇ ಕಾಣಲಿಲ್ಲ. ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ನೋಡದೆ ಹೊಡೆದಿದ್ದರೆ ನಳಿಗೆ ನನ್ನ ಎಡಗೈ ಹತ್ತಿರವೇ ಸಿಡಿಯಬಹುದಿತ್ತು.

ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ (ಕೋವಿ ಹೂವು) ಸಿಕ್ಕಿಸುವ ಕೆಲಸ ಈಗ ಮಗಳದು. ಸಿಕ್ಕಿಸುವ ಮುಂಚೆ ಎರಡೂ ನಳಿಗೆಯಲ್ಲಿ ಕಣ್ಣಿಟ್ಟು ಆಕಾಶ ನೋಡುತ್ತಾಳೆ. ಪೂಜೆ ಮುಗಿದು ಹೂವು ತೆಗೆದ ಮೇಲೆ, ತೋಟೆ ಮುಟ್ಟುವ ಮೊದಲು, ಇನ್ನೊಂದು ಸಲ ನೋಡುತ್ತಾಳೆ.