ಹಟ್ಟಿಯ ಟಗರು, ಗುಡ್ಡದ ತೋಳ

ನನ್ನ ಹತ್ತಿರ ಒಂದು ಬೀಜದ ಟಗರಿತ್ತು. ಕೆಂಗುರಿ ತಳಿ, ಮೈಯೆಲ್ಲ ಕೆಂಪು. ನೋಡಿದವರು ದರ ಕೇಳದೆ ಹೋಗುತ್ತಿರಲಿಲ್ಲ. ಆಸೆಗೆ ಬಿದ್ದು ಐದು ವರ್ಷ ಇಟ್ಟುಕೊಂಡೆ. "ತಮ್ಮಾ, ಮಗಳ ಮ್ಯಾಲೆ ಅಪ್ಪನ್ನ ಬಿಡಬ್ಯಾಡ, ಹಟ್ಟಿ ಕೆಡತೈತಿ" ಅಂತ ಪಕ್ಕದ ಹಟ್ಟಿಯ ಕಾಕಾ ಹೇಳಿದ್ದರು. ಕೇಳಲಿಲ್ಲ. ನಾಲ್ಕನೇ ವರ್ಷ ಮೂರು ಮರಿಗಳ ಕೆಳದವಡೆ ಗಿಡ್ಡ. ಬಾಯೊಳಗೆ ಬೆರಳಿಟ್ಟರೆ ಮೇಲಿನ ಒಸಡು ಮುಂದಕ್ಕೆ ಚಾಚಿರುವುದು ತಿಳಿಯುತ್ತಿತ್ತು. ಮೊಲೆ ಹಿಡಿಯಲು ಆಗುತ್ತಿರಲಿಲ್ಲ. ಬಾಟಲಿ ಹಾಲು ಕುಡಿಸಿದೆ. ಒಂದೇ ಉಳಿಯಿತು.

ಯಾವ ಪ್ರಾಣಿಯಲ್ಲೂ ಒಂದೆರಡು ಕೆಟ್ಟ ಗುಣ ಅಡಗಿರುತ್ತವೆ. ಅಪ್ಪ ಅಥವಾ ಅಮ್ಮ ಒಬ್ಬರಿಂದ ಬಂದರೆ ಸುಮ್ನೆ ಇರುತ್ತವೆ. ಇಬ್ಬರಿಂದಲೂ ಅದೇ ಬಂದರೆ ಮರಿಯಲ್ಲಿ ಹೊರಬೀಳುತ್ತವೆ. ರಕ್ತ ಹತ್ತಿರವಾದಷ್ಟೂ ಹೀಗಾಗುವುದು ಜಾಸ್ತಿ. ಈಗ ಎರಡು ವರ್ಷಕ್ಕೊಮ್ಮೆ ದೂರದ ಹಟ್ಟಿಯವರ ಜೊತೆ ಟಗರು ಅದಲುಬದಲು ಮಾಡುತ್ತೇನೆ. ಯಾವ ಮರಿ ಯಾವ ಟಗರಿನದು ಅಂತ ವಹಿಯಲ್ಲಿ ಬರೆದಿಡುತ್ತೇನೆ.

ಗುಡ್ಡದ ತೋಳಕ್ಕೆ ಹೀಗೆ ಗಂಡು ಬದಲಿಸುವವರು ಯಾರು? ನಮ್ಮ ಗಂಗಾವತಿ ಕಡೆಯ ಬಂಕಾಪುರ ತೋಳಧಾಮ ಇರುವುದೇ 332 ಎಕರೆ. ಒಂದು ಗುಂಪಿನ ಓಡಾಟಕ್ಕೂ ಅದು ಸಾಲದು. ಸುತ್ತ ಗದ್ದೆ, ಕಾಲುವೆ, ರಸ್ತೆ. ಬೇರೆ ಕಡೆಯ ಗಂಡು ಇವನ್ನೆಲ್ಲ ದಾಟಿಕೊಂಡೇ ಬರಬೇಕು. ಒಂದು ಬಂದರೂ ಸಾಕು, ಲೆಕ್ಕ ಬದಲಾಗುತ್ತದೆ. ಸ್ವೀಡನ್, ನಾರ್ವೆಗಳಲ್ಲಿ 1983ರಲ್ಲಿ ಒಂದೇ ಜೋಡಿಯಿಂದ ಶುರುವಾದ ತೋಳಗಳ ಸಂಖ್ಯೆ ಹತ್ತು ದಾಟದೆ ಒದ್ದಾಡುತ್ತಿತ್ತು. 1991ರ ಹೊತ್ತಿಗೆ ಹೊರಗಿನ ಒಂದು ಗಂಡು ಸೇರಿತು, ಆಮೇಲೆ ಸಂಖ್ಯೆ ಏರಿತು.

ಜೋಡಿ ಸಿಗದಿದ್ದರೆ ಇನ್ನೊಂದು ತೊಂದರೆ, ತೋಳ ನಾಯಿಯ ಜೊತೆ ಕೂಡಬಹುದು. ಪುಣೆ ಕಡೆ ಹಾಗೆ ಹುಟ್ಟಿದ ಬೆರಕೆ ಇರುವುದು 2023ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ಹಟ್ಟಿಯ ನಾಯಿಗಳು ನನ್ನವೇ ಅಲ್ವಾ? ನಾಲ್ಕಕ್ಕೂ ಸಂತಾನಹರಣ ಮಾಡಿಸಿದೆ, ಹುಚ್ಚು ನಾಯಿ ರೋಗದ ಲಸಿಕೆ ಹಾಕಿಸಿದೆ. ಅದಕ್ಕಿಂತ ಮೊದಲು ಬೆದೆಗೆ ಬಂದ ಹೆಣ್ಣುನಾಯಿಯನ್ನು ರಾತ್ರಿಯೆಲ್ಲ ಕಟ್ಟಿಹಾಕುತ್ತಿದ್ದೆ. ಅದರ ಕೂಗಿಗೆ ಹಟ್ಟಿಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ.

"ಕುರಿ ತಿನ್ನೋ ತ್ವಾಳಕ್ಕ ಕನ್ಯಾ ನೋಡಾಕ ಹೊಂಟೀಯೇನಪಾ?" ಅಂತ ಕಾಕಾ ನಕ್ಕರು. ಮುಂದಿನ ವಾರ ತಮ್ಮ ಎರಡು ನಾಯಿಗಳನ್ನೂ ನನ್ನ ಗಾಡಿಗೇ ಹತ್ತಿಸಿದರು.