ಲೆಕ್ಕ ಬರೆಯುವ ಕೆಲಸಕ್ಕೆ ನಾನು ಶಾಲೆಯಲ್ಲೇ ತಯಾರಾದದ್ದು ಹೀಗೆ

ನಾನು ದಾವಣಗೆರೆಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಅಕೌಂಟೆಂಟ್. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಒಂದೆರಡು ಅಕ್ಕಿ ಗಿರಣಿ, ಇವರ ಲೆಕ್ಕವೆಲ್ಲ ನಮ್ಮ ಹತ್ತಿರ ಬರುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಗಿರಾಕಿಗಳು ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ. "ಇವನಿಗೆ ಕಾಮರ್ಸ್ ಕೊಡಿಸಬೇಕು ಅಂತಿದ್ದೀವಿ ಮೇಡಂ, ಜೊತೆಗೆ ಯಾವ ಕೋರ್ಸ್ ಮಾಡಿಸೋಣ?" ನಾನು ಮೊದಲು ಕೇಳುವುದು ಬೇರೆ. ಮನೆಯಲ್ಲಿ ಯಾರಾದರೂ ದುಡ್ಡಿನ ಪುಸ್ತಕ ಇಟ್ಟಿದ್ದಾರಾ? ಇದ್ದರೆ ಅದನ್ನು ಇವನ ಕೈಗೆ ಕೊಡಿ, ಕೋರ್ಸ್ ಆಮೇಲೆ ನೋಡೋಣ.

ನನಗೆ ಸಿಕ್ಕಿದ್ದು ಅಮ್ಮನ ಸ್ತ್ರೀಶಕ್ತಿ ಸಂಘದ ಪುಸ್ತಕ. ನಮ್ಮದು ಹರಿಹರ ತಾಲ್ಲೂಕಿನ ಹಳ್ಳಿ, ನಾನು ಆಗ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಸಂಘದ ಲೆಕ್ಕವನ್ನು ಅಂಗನವಾಡಿ ಟೀಚರ್ ಬರೆಯುತ್ತಿದ್ದರು, ಅವರಿಗೆ ಕೆಲಸ ಜಾಸ್ತಿ ಆದಾಗ "ನೀನೇ ಬರಿಯವ್ವಾ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ" ಅಂದರು. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯದ್ದು ಒಂದು, ಸಾಲದ್ದು ಒಂದು. ವಾರಕ್ಕೊಮ್ಮೆ ಸಭೆ.

ಒಂದು ವಾರದ ಲೆಕ್ಕ ಹೀಗಿರುತ್ತಿತ್ತು ಅಂದುಕೊಳ್ಳಿ. ಆರಂಭದ ಶಿಲ್ಕು, ಅಂದರೆ ಪೆಟ್ಟಿಗೆಯಲ್ಲಿ ಮೊದಲೇ ಇದ್ದ ದುಡ್ಡು, 1,240 ರೂಪಾಯಿ. 18 ಜನ ತಲಾ 20 ರೂಪಾಯಿ ಉಳಿತಾಯ ಕಟ್ಟಿದರು, 360. ಒಬ್ಬ ಅಕ್ಕ 3,000 ಸಾಲ ತಗೊಂಡಿದ್ದವರು ಅಸಲು 500, ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ 60 ಕೊಟ್ಟರು. ಎಲ್ಲ ಸೇರಿ 2,160. ಇನ್ನೊಬ್ಬರಿಗೆ 1,500 ಸಾಲ ಕೊಟ್ಟೆವು. ಅಖೈರು ಶಿಲ್ಕು 660. ಈಗ ಪೆಟ್ಟಿಗೆ ತೆಗೆದು ಎಲ್ಲರ ಎದುರಿಗೆ ಎಣಿಸಬೇಕು, 660 ಇರಲೇಬೇಕು, 650 ಇದ್ದರೆ ಯಾರೂ ಎದ್ದು ಹೋಗುವ ಹಾಗಿಲ್ಲ.

ಎಲ್ಲ ಕಲಿಕೆಯೂ ಆ ಎಣಿಕೆಯಲ್ಲೇ ಇದೆ ಅಂತ ನಾನು ಈಗಲೂ ನಂಬಿದ್ದೇನೆ. ಪಠ್ಯಪುಸ್ತಕದ ಲೆಕ್ಕ ತಾಳೆಯಾಗದಿದ್ದರೆ ಒಂದೆರಡು ಅಂಕ ಹೋಗುತ್ತದೆ ಅಷ್ಟೇ. ಇಲ್ಲಿ ಹಾಗಲ್ಲ, ಅದು ಕೂಲಿ ಮಾಡಿ ತಂದ ದುಡ್ಡು, ಕೊಟ್ಟವರು ಎದುರಿಗೇ ಕೂತಿದ್ದಾರೆ. ಅಂದಿನ ಲೆಕ್ಕ ಅಂದೇ ಬರೆಯಬೇಕು, ಅಂದೇ ದುಡ್ಡಿಗೆ ಹೊಂದಿಸಬೇಕು ಅನ್ನುವ ಅಭ್ಯಾಸ ಕೈಗೆ ಹತ್ತಿದ್ದು ಹಾಗೆ.

ಮುಂದೆ ಪಿಯುಸಿಯಲ್ಲಿ ಡೆಬಿಟ್, ಕ್ರೆಡಿಟ್ ನಿಯಮಗಳನ್ನು ಎಲ್ಲರೂ ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಿದ್ದಾಗ ನಾನು ಸಂಘದ ಪೆಟ್ಟಿಗೆಯನ್ನೇ ನೆನೆಸಿಕೊಳ್ಳುತ್ತಿದ್ದೆ. ಆ ಅಕ್ಕ 560 ಕೊಟ್ಟಾಗ ಏನೇನಾಯಿತು? ಪೆಟ್ಟಿಗೆಯಲ್ಲಿ 560 ಹೆಚ್ಚಾಯಿತು, ನಗದು ಖಾತೆ ಡೆಬಿಟ್. ಅವರಿಂದ ಬರಬೇಕಾದ ಸಾಲ 500 ಕಡಿಮೆಯಾಯಿತು, ಅವರ ಸಾಲದ ಖಾತೆ ಕ್ರೆಡಿಟ್. ಉಳಿದ 60 ಸಂಘದ ಆದಾಯ, ಬಡ್ಡಿ ಖಾತೆ ಕ್ರೆಡಿಟ್. ಅಸಲು ವಾಪಸ್ ಬಂದರೆ ಅದು ಆದಾಯ ಅಲ್ಲ, ಬಡ್ಡಿ ಮಾತ್ರ ಆದಾಯ. ಇಷ್ಟು ಅರ್ಥವಾದವರಿಗೆ ಮೊದಲ ಪಿಯುಸಿಯ ಅಕೌಂಟೆನ್ಸಿ ಅರ್ಧ ಮುಗಿದ ಹಾಗೆ.

ತಾಳೆಪಟ್ಟಿ, ಅಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳನ್ನು ಎರಡು ಬದಿಗೆ ಬರೆದು ಕೂಡುವ ಪಟ್ಟಿ, ಕೂಡಿ ಬರದಿದ್ದಾಗ ಹುಡುಕುವ ದಾರಿಯನ್ನೂ ಶಾಲೆಯಲ್ಲೇ ಕಲಿತುಬಿಡಿ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕೆ ಅದಲುಬದಲಾಗಿರುವ ಸಾಧ್ಯತೆ ಇದೆ: 4,860 ಇದ್ದದ್ದು 4,680 ಅಂತ ಬಿದ್ದಿದ್ದರೆ ವ್ಯತ್ಯಾಸ 180, ಅಂದರೆ 9ರ ಇಪ್ಪತ್ತು ಪಟ್ಟು. ಭಾಗವಾಗದಿದ್ದರೆ ವ್ಯತ್ಯಾಸದ ಅರ್ಧ ಮಾಡಿ. 700 ವ್ಯತ್ಯಾಸ ಇದ್ದರೆ 350ರ ಎಂಟ್ರಿ ಯಾವುದಾದರೂ ತಪ್ಪು ಬದಿಗೆ ಕೂತಿದೆಯಾ ಅಂತ ಹುಡುಕಿ. ಎಲ್ಲ ಸಲವೂ ಇದರಿಂದಲೇ ಸಿಗುತ್ತದೆ ಅಂತಲ್ಲ, ಆದರೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಕೂಡುತ್ತಾ ಕೂರುವುದು ಎಷ್ಟೋ ತಪ್ಪುತ್ತದೆ. ಹಾಗೇ ಸಿಗದೇ ಇದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ (ಕಾರಣ ಗೊತ್ತಾಗದ ಮೊತ್ತವನ್ನು ತಾತ್ಕಾಲಿಕವಾಗಿ ಇಡುವ ಖಾತೆ) ಹಾಕಿ ಕೈತೊಳೆದುಕೊಳ್ಳುವ ಚಾಳಿ ಬೇಡ.

ಕಾಂಬಿನೇಷನ್ ವಿಚಾರ. ಹೆಬಾ, ಸೆಬಾ, ಇಬಿಎಸಿ, ಯಾವುದು ತಗೊಂಡರೂ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಅರ್ಥಶಾಸ್ತ್ರ ಇದ್ದೇ ಇರುತ್ತವೆ, ಬದಲಾಗುವುದು ನಾಲ್ಕನೆಯದು ಮಾತ್ರ: ಕ್ರಮವಾಗಿ ಇತಿಹಾಸ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್. ಸಿಎ ಮಾಡುವ ಆಸೆ ಇದ್ದರೆ ಸಂಖ್ಯಾಶಾಸ್ತ್ರ ತಗೊಳ್ಳಿ, ಅದರ ಮೊದಲ ಹಂತದ ಫೌಂಡೇಶನ್ ಪರೀಕ್ಷೆಯಲ್ಲಿ ಗಣಿತ, ಸಂಖ್ಯಾಶಾಸ್ತ್ರದ್ದೇ ಒಂದು ಪೇಪರ್ ಇದೆ. ಪಿಯುಸಿ ಕಾಮರ್ಸನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಸಿಎ ಪರೀಕ್ಷೆ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ, ಆದ್ದರಿಂದ ಎರಡೂ ಭಾಷೆಯ ಪಠ್ಯಪುಸ್ತಕ ಪಕ್ಕ ಪಕ್ಕ ಇಟ್ಟುಕೊಂಡು ಓದುವುದು ಒಳ್ಳೆಯದು. ನಾನು ಹಾಗೇ ಓದಿದ್ದು.

ಪಿಯುಸಿ ರಜೆಯಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದೆ. ಅಲ್ಲಿ ಉದ್ರಿಯೇ ಜಾಸ್ತಿ. ಬಿತ್ತನೆಗೆ ಒಯ್ದ ಗೊಬ್ಬರದ ದುಡ್ಡು ಕೊಯ್ಲು ಮುಗಿದ ಮೇಲೆ ಬರುತ್ತದೆ, ಹಾಗಾಗಿ ಮಾರಾಟ ಚೆನ್ನಾಗಿದ್ದರೂ ಗಲ್ಲಾ ಖಾಲಿ ಇರುತ್ತದೆ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಅನ್ನೋದು ಅಲ್ಲಿ ಕಣ್ಣಿಗೇ ಕಂಡಿತು. ಇನ್ನೊಂದು, ಮಾಲೀಕರು ಗಲ್ಲಾದಿಂದಲೇ ಮನೆಯ ಗ್ಯಾಸಿಗೂ ಮಗಳ ಫೀಸಿಗೂ ದುಡ್ಡು ತೆಗೆಯುತ್ತಿದ್ದರು. ಸಣ್ಣ ಅಂಗಡಿಗಳಲ್ಲಿ ಲೆಕ್ಕ ಕೂಡದಿರೋದಕ್ಕೆ ಹೆಚ್ಚಾಗಿ ಇದೇ ಕಾರಣ, ಕಳ್ಳತನ ಅಲ್ಲ. ಪ್ರತಿ ಸಲ ತೆಗೆದಾಗ ಒಂದು ಚೀಟಿ ಬರೆದು ಗಲ್ಲಾದಲ್ಲೇ ಹಾಕಿ ಸಾರ್ ಅಂತ ಕೇಳಿಕೊಂಡೆ, ಸಂಜೆ ಆ ಚೀಟಿಗಳನ್ನೆಲ್ಲ ಡ್ರಾಯಿಂಗ್ಸ್ ಖಾತೆಗೆ, ಅಂದರೆ ಮಾಲೀಕರು ಸ್ವಂತಕ್ಕೆ ತೆಗೆದ ದುಡ್ಡಿನ ಖಾತೆಗೆ, ಹಾಕುತ್ತಿದ್ದೆ. ಈಗ ಯುಪಿಐ ಬಂದಿರುವುದರಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗೂ ದಿನಾ ಹೊಂದಿಸಬೇಕು. ಹೀಗೆ ಹೊಂದಿಸುವುದನ್ನೇ ಕಲಿಸುವ ಬ್ಯಾಂಕ್ ಸಮನ್ವಯ ಪಟ್ಟಿ ಅಧ್ಯಾಯವನ್ನು ಬಿಟ್ಟು ಓದುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ: ನಮ್ಮ ಆಫೀಸಿನಲ್ಲಿ ದಿನದ ಕೆಲಸದಲ್ಲಿ ದೊಡ್ಡ ಪಾಲು ಅದೇ.

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯನ್ನು ಆಮೇಲೆ ಕಲಿಯಿರಿ. ಅದಕ್ಕೆ ಮೊದಲೇ ದೊಡ್ಡ ಫೀಸು ಕಟ್ಟಬೇಕಾಗಿಲ್ಲ. ಲೈಸೆನ್ಸ್ ಇಲ್ಲದೆ ಎಜುಕೇಷನಲ್ ಮೋಡ್‌ನಲ್ಲಿ ತೆರೆಯಬಹುದು, ತಿಂಗಳ 1, 2, 31ರಂಥ ಕೆಲವೇ ತಾರೀಕುಗಳಿಗೆ ಎಂಟ್ರಿ ಹಾಕಬಹುದು, ಅಭ್ಯಾಸಕ್ಕೆ ಅಷ್ಟು ಸಾಕು. ಎಫ್5 ಪಾವತಿ, ಎಫ್6 ಸ್ವೀಕೃತಿ, ಎಫ್8 ಮಾರಾಟ, ಎಫ್9 ಖರೀದಿ. ಕೀಲಿಗಳು ಬೇಗ ಬರುತ್ತವೆ. ಯಾವ ಖಾತೆಯನ್ನು ಯಾವ ಗುಂಪಿನಡಿ ಹಾಕಬೇಕು ಅನ್ನೋದು ಮಾತ್ರ ಕೈಬರಹದಲ್ಲಿ ಲೆಕ್ಕ ಬರೆದವರಿಗೇ ಸಲೀಸು.

ಜಿಎಸ್‌ಟಿಗೆ ಶಾಲೆಯ ಶೇಕಡಾ ಲೆಕ್ಕ ಗಟ್ಟಿ ಇರಬೇಕು. ತೆರಿಗೆ ಸೇರಿ 1,180 ರೂಪಾಯಿ ಬಿಲ್, ದರ ಶೇ 18, ಹಾಗಾದರೆ ತೆರಿಗೆ ಎಷ್ಟು? ಕೆಲಸ ಕೇಳಿಕೊಂಡು ಬರುವವರಿಗೆ ಇದನ್ನು ಕೇಳುತ್ತೇನೆ. ತುಂಬಾ ಜನ 1,180ಕ್ಕೇ ಶೇ 18 ಹಾಕಿ 212 ರೂಪಾಯಿ 40 ಪೈಸೆ ಅನ್ನುತ್ತಾರೆ. 118ರಿಂದ ಭಾಗಿಸಿ 100ರಿಂದ ಗುಣಿಸಿದರೆ ಮಾಲಿನ ಬೆಲೆ 1,000, ತೆರಿಗೆ 180. ಅಂಗಡಿಯೂ ಗಿರಾಕಿಯೂ ಕರ್ನಾಟಕದವರೇ ಆದರೆ 90 ಕೇಂದ್ರಕ್ಕೆ, 90 ರಾಜ್ಯಕ್ಕೆ. ಮನೆಗೆ ಬರುವ ಬಿಲ್‌ಗಳನ್ನು ಎಸೆಯದೆ ಇಟ್ಟುಕೊಂಡು ಇದನ್ನೇ ಮಾಡಿ ನೋಡಿ. ಅಂಗಡಿಯ ಜಿಎಸ್‌ಟಿ ನಂಬರ್ 15 ಅಕ್ಷರದ್ದು, ನಮ್ಮ ರಾಜ್ಯದ್ದಾದರೆ 29ರಿಂದ ಶುರುವಾಗುತ್ತದೆ, ಅದರೊಳಗೇ ಮಾಲೀಕರ ಇಲ್ಲವೇ ಸಂಸ್ಥೆಯ ಪ್ಯಾನ್ ನಂಬರ್ ಕೂಡ ಇರುತ್ತದೆ.

ಲೆಕ್ಕದ ಆಫೀಸನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವ ಮಕ್ಕಳು ನಿಮ್ಮೂರಿನ ಯಾವುದಾದರೂ ಆಫೀಸಿಗೆ ಹೋಗಿ ಕೇಳಿ, ಸಂಕೋಚ ಬೇಡ, ಬಹಳಷ್ಟು ಜನ ಬೇಡ ಅನ್ನುವುದಿಲ್ಲ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ಸಾರಾಂಶದ ರಿಟರ್ನ್) ಸಲ್ಲಿಸುವ ಗಡುವು. ಆ ತಾರೀಕುಗಳ ಹತ್ತಿರ ಹೋದರೆ ಮಾತಾಡಿಸಲೂ ಯಾರಿಗೂ ಪುರುಸೊತ್ತು ಇರುವುದಿಲ್ಲ. ಇಪ್ಪತ್ತು ಕಳೆದ ಮೇಲೆ ಹೋಗಿ, ಸಂಜೆ ಹೊತ್ತು. ಹೋಗುವಾಗ ನೀವು ಬರೆದ ಒಂದು ತಿಂಗಳ ಮನೆಯ ನಗದು ಪುಸ್ತಕವನ್ನು ಜೊತೆಗೆ ಒಯ್ಯಿರಿ.