ಒಂದು ಫೋನ್, 14 ಕಾರ್ಡು

ದೊಡ್ಡವರಿಗೆ ಓದು, ಬರಹ, ಲೆಕ್ಕ ಕಲಿಸುವ ತರಗತಿಯಲ್ಲಿ ನಾನು ಮೊದಲು ಬಳಸಿದ ಆನ್‌ಲೈನ್ ಚಟುವಟಿಕೆ ಒಂದು ಕ್ವಿಜ್ ಆಟ. ಪರದೆ ಮೇಲೆ ಪ್ರಶ್ನೆ, ಪಕ್ಕದಲ್ಲಿ ಓಡುವ ಗಡಿಯಾರ, ಜೊತೆಗೆ ಜೋರು ಸಂಗೀತ. ಪ್ರತಿ ಪ್ರಶ್ನೆ ಮುಗಿದ ಮೇಲೆ ಯಾರು ಮುಂದಿದ್ದಾರೆ ಅಂತ ಹೆಸರಿನ ಪಟ್ಟಿ. ಮಕ್ಕಳಿಗೆ ಇದು ತುಂಬಾ ಇಷ್ಟವಾಗಿತ್ತು. ಇಲ್ಲಿ ಹತ್ತು ನಿಮಿಷದಲ್ಲೇ ಎಲ್ಲರೂ ಸುಮ್ಮನಾದರು. ಒಬ್ಬರು ಫೋನನ್ನು ಬೋರಲು ಹಾಕಿ ಕೂತುಬಿಟ್ಟರು. ಆಮೇಲೆ ಹತ್ತಿರ ಬಂದು, "ಟೀಚರ್, ನಂಗೆ ಉತ್ತರ ಗೊತ್ತಿತ್ತು. ಪ್ರಶ್ನೆ ಓದಿ ಮುಗಿಸೋಷ್ಟರಲ್ಲಿ ಟೈಮ್ ಆಗೋಯ್ತು" ಅಂದರು.

ಆ ಮಾತು ಬಹಳ ದಿನ ಕಾಡಿತು. ಲೆಕ್ಕ ಬರುತ್ತದಾ ಅಂತ ನೋಡಲು ಹೋಗಿ ನಾನು ಓದುವ ವೇಗ ಅಳೆದಿದ್ದೆ. ಅದೂ ಎಲ್ಲರ ಎದುರಿಗೆ. ಓದು ಬರುವುದಿಲ್ಲ ಅನ್ನುವುದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಬಂದವರು ಇವರು. ಅಂದಿನಿಂದ ಯಾವ ಆ್ಯಪ್ ಕಂಡರೂ ಮೊದಲು ಒಂದೇ ವಿಷಯ ನೋಡುತ್ತೇನೆ: ಇದರಲ್ಲಿ ಉತ್ತರ ತಪ್ಪಾದರೆ ಅದು ಯಾರ ಕಣ್ಣಿಗೆ ಬೀಳುತ್ತದೆ?

ಹಾಗೆ ಹುಡುಕುವಾಗ ಸಿಕ್ಕಿದ್ದು ಪ್ಲಿಕರ್ಸ್ ಅನ್ನುವ ಆ್ಯಪ್. ಕಲಿಯುವವರ ಕೈಯಲ್ಲಿ ಫೋನ್ ಬೇಡ, ಕಾಗದದ ಕಾರ್ಡು ಸಾಕು. ಕಾರ್ಡಿನ ಮೇಲೆ ಕಪ್ಪು-ಬಿಳುಪಿನ ಒಂದು ಚೌಕಟ್ಟು ಚಿತ್ರ ಇರುತ್ತದೆ. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಪುಟ್ಟ ಅಕ್ಷರ. ನಮ್ಮ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಕಾರ್ಡು ತಿರುಗಿಸಿ ಹಿಡಿಯಬೇಕು. ನಾನು ನನ್ನ ಫೋನಿನ ಕ್ಯಾಮೆರಾವನ್ನು ತರಗತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಆಡಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ಥರ. ಹಾಗಾಗಿ ಪಕ್ಕದವರ ಕಾರ್ಡು ನೋಡಿದರೂ ಅವರ ಉತ್ತರ ಏನು ಅಂತ ತಿಳಿಯುವುದಿಲ್ಲ. ಗಡಿಯಾರ ಇಲ್ಲ. ಪ್ರಶ್ನೆಯನ್ನು ನಾನೇ ಎರಡು ಸಲ ಗಟ್ಟಿಯಾಗಿ ಓದುತ್ತೇನೆ.

ಮೊದಲ ದಿನವೇ ಒಂದು ತೊಡಕು ಬಂತು. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದವರು ಯಾವ ಬದಿ ಮೇಲೆ ಹಿಡಿಯಬೇಕು? ಕಾರ್ಡಿನ ಹಿಂಭಾಗದಲ್ಲಿ ನಾಲ್ಕು ಅಂಚಿಗೂ ನಾಲ್ಕು ಬಣ್ಣ ಬಳಿದೆ. ಪ್ರಶ್ನೆಯ ಆಯ್ಕೆಗಳ ಪಕ್ಕದಲ್ಲೂ ಅದೇ ಬಣ್ಣದ ಚುಕ್ಕೆ ಹಾಕಿದೆ. ಅಷ್ಟಕ್ಕೆ ಸರಿಹೋಯಿತು. ಬೆರಳು ಚಿತ್ರದ ಮೇಲೆ ಬಂದರೆ ಕ್ಯಾಮೆರಾ ಓದುವುದಿಲ್ಲ, ಅಂಚು ಹಿಡಿಯುವುದನ್ನು ಅಭ್ಯಾಸ ಮಾಡಿಸಬೇಕು. ಹೊಳೆಯುವ ಲ್ಯಾಮಿನೇಷನ್ ಮಾಡಿಸಲೇಬೇಡಿ. ಬೆಳಕು ಬಿದ್ದು ಕಾರ್ಡು ಓದಲಾಗುವುದಿಲ್ಲ. ನಾನು ಒಂದು ಸೆಟ್ ಹಾಗೇ ಹಾಳು ಮಾಡಿಕೊಂಡೆ, ಈಗ ದಪ್ಪ ಕಾಗದದಲ್ಲಿ ಮುದ್ರಿಸುತ್ತೇನೆ.

ಒಂದು ಸಂಜೆ, ಕಾಲು ಲೀಟರ್ ಅಂದರೆ ಎಷ್ಟು ಮಿಲಿಲೀಟರ್ ಅಂತ ಕೇಳಿದೆ. 14 ಜನರಲ್ಲಿ 9 ಜನ 25 ಅಂದಿದ್ದರು. ಪರದೆ ಮೇಲೆ ಹೆಸರು ತೋರಿಸದೆ, ಯಾವ ಉತ್ತರಕ್ಕೆ ಎಷ್ಟು ಜನ ಅನ್ನುವ ಕಂಬಗಳನ್ನಷ್ಟೇ ತೋರಿಸಿದೆ. ಹಿಂದಿನಿಂದ ಒಬ್ಬರು, "ಅಯ್ಯೋ, ನಾನೊಬ್ಬಳೇ ಅಂದ್ಕೊಂಡಿದ್ದೆ" ಅಂದರು. ಎಲ್ಲರೂ ನಕ್ಕರು. ನಾನು ತಂದಿದ್ದ ಉಳಿದ ಪ್ರಶ್ನೆಗಳನ್ನು ಅಲ್ಲಿಗೇ ಬಿಟ್ಟು, ಒಂದು ಲೀಟರಿನ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಇಡೀ ಪಾಠ ಅದರ ಮೇಲೆಯೇ ನಡೆಯಿತು. ಕೈಯೆತ್ತಿ ಉತ್ತರ ಹೇಳಿ ಅಂದಿದ್ದರೆ ಆ 9 ಜನರಲ್ಲಿ ಯಾರೂ ಕೈ ಎತ್ತುತ್ತಿರಲಿಲ್ಲ ಅನ್ನುವುದು ನನಗೆ ಖಾತ್ರಿ.

ಓದಿಗೆ ನಾನು ಜಾಸ್ತಿ ನೆಚ್ಚಿಕೊಂಡಿರುವುದು ಫೋನಿನ ಧ್ವನಿ ಟೈಪಿಂಗನ್ನು, ಅಂದರೆ ಆಡಿದ ಮಾತನ್ನು ಅಕ್ಷರ ಮಾಡುವ ಸೌಲಭ್ಯವನ್ನು. ಗೂಗಲ್ ಕೀಬೋರ್ಡಿನಲ್ಲಿ ಕನ್ನಡಕ್ಕೆ ಈ ಸೌಲಭ್ಯ 2017ರಲ್ಲಿ ಬಂತು. ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1963ರಲ್ಲಿ ಅಂಜಿಕೋಸ್ ಎಂಬಲ್ಲಿ ಸುಮಾರು 300 ದುಡಿಯುವ ಜನರಿಗೆ 40 ಗಂಟೆಯಲ್ಲಿ ಓದು ಕಲಿಸಲು ಹೊರಟಾಗ, ಆ ಜನರ ಬದುಕಿನ ಪದಗಳನ್ನೇ ಆರಿಸಿಕೊಂಡಿದ್ದರು. ನನ್ನ ತರಗತಿಯಲ್ಲಿ ಆ ಪದಗಳನ್ನು ಹೆಕ್ಕಿಕೊಡುವುದು ಈಗ ಫೋನು. ಒಬ್ಬರು ಮೂಲೆಯಲ್ಲಿ ಕೂತು ಇವತ್ತಿನ ದಿನದ ಬಗ್ಗೆ ಮೂರು ಮಾತು ಹೇಳುತ್ತಾರೆ. ಅದು ಅಕ್ಷರವಾಗಿ ಮೂಡುತ್ತದೆ. "ಬರ್ತೀನಿ" ಅಂದಿದ್ದರೆ "ಬರ್ತೀನಿ" ಅಂತಲೇ ಇಡುತ್ತೇನೆ, "ಬರುತ್ತೇನೆ" ಅಂತ ತಿದ್ದುವುದಿಲ್ಲ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮುಂದಿನ ತರಗತಿಗೆ ಕೊಡುತ್ತೇನೆ. ತಾವೇ ಆಡಿದ ಮಾತಲ್ವಾ, ಮುಂದಿನ ಪದ ಏನು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ಕಣ್ಣು ಅಕ್ಷರವನ್ನು ಹುಡುಕಿಕೊಂಡು ಹೋಗುತ್ತದೆ.

ಫೋನು ತಪ್ಪಾಗಿ ಕೇಳಿಸಿಕೊಂಡಾಗ ಪಾಠ ಇನ್ನೂ ಚೆನ್ನಾಗಿರುತ್ತದೆ. ಒಬ್ಬರು "ಹಕ್ಕಿ ಕೂತಿತ್ತು" ಅಂದರು. ಅದು "ಅಕ್ಕಿ ಕೂತಿತ್ತು" ಅಂತ ಬರೆಯಿತು. ಅವರು ತುಂಬಾ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಆಮೇಲೆ ತಲೆ ಎತ್ತಿ, "ಇದು ನಾನು ಹೇಳಿದ್ದಲ್ಲ. ಇಲ್ಲಿ ಹ ಬರ್ಬೇಕು" ಅಂದರು. ಅಲ್ಲಿಯವರೆಗೆ ಬೇರೆಯವರು ಅವರ ಬರಹ ತಿದ್ದುತ್ತಿದ್ದರು. ಅವತ್ತು ಅವರೇ ಪೆನ್ ಹಿಡಿದು ಮಷಿನ್ ಬರೆದದ್ದನ್ನು ತಿದ್ದಿದರು.

ಲಾಗಿನ್, ಪಾಸ್‌ವರ್ಡ್ ಕೇಳುವ ಆ್ಯಪ್‌ಗಳನ್ನು ನಾನು ದೂರ ಇಟ್ಟಿದ್ದೇನೆ. ಅರ್ಧ ತರಗತಿ ಅದರಲ್ಲೇ ಹೋಗುತ್ತದೆ. ಆನ್‌ಲೈನಿನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಗೂಗಲ್ ಫಾರ್ಮ್ಸ್ ಬಳಸುವುದಾದರೆ, ಒಬ್ಬರಿಗೆ ಒಂದೇ ಉತ್ತರ ಅನ್ನುವ ಮಿತಿಯನ್ನು ತೆಗೆದುಬಿಡಿ. ಅದು ಇದ್ದರೆ ಎಲ್ಲರೂ ಖಾತೆಗೆ ಲಾಗಿನ್ ಆಗಬೇಕು. ಲಿಂಕ್ ಟೈಪ್ ಮಾಡಿಸುವ ಬದಲು ಕ್ಯೂಆರ್ ಕೋಡ್ ಗೋಡೆಗೆ ಅಂಟಿಸಿ.

ಇನ್ನೊಂದು ಮಾತು. ನಾನು ಎರಡು ವರ್ಷ ಬಳಸಿದ ಒಂದು ಉಚಿತ ಆನ್‌ಲೈನ್ ಬೋರ್ಡ್ ಒಂದು ದಿನ ನಿಂತೇಹೋಯಿತು. ಅದರಲ್ಲಿದ್ದ ಕಲಿಯುವವರ ಬರಹವೂ ಹೋಯಿತು. ತುಂಬಾ ಬೇಜಾರಾಯಿತು, ಅವು ನನ್ನ ಬರಹ ಅಲ್ಲವಲ್ಲ. ಈಗ ಅವರು ಒಪ್ಪಿದ್ದನ್ನೆಲ್ಲ ಮುದ್ರಿಸಿ ಒಂದು ಫೈಲಿಗೆ ಸೇರಿಸುತ್ತೇನೆ. ಸದ್ಯ 41 ಪುಟ ಆಗಿದೆ. ಇಂಟರ್ನೆಟ್ ಇಲ್ಲದ ದಿನ ಅದನ್ನೇ ಮಧ್ಯದಲ್ಲಿ ಇಡುತ್ತೇನೆ. ಒಬ್ಬರು ಬರೆಸಿದ ಪುಟವನ್ನು ಇನ್ನೊಬ್ಬರು ಓದುತ್ತಾರೆ. ಎಲ್ಲಾದರೂ ತಡವರಿಸಿದರೆ, ಆ ಮಾತು ಹೇಳಿದವರು ಪಕ್ಕದಲ್ಲೇ ಇರುತ್ತಾರೆ.